ಜನರು ಆರಿಸಿದ ಮುಖ್ಯಸ್ಥರು, ಸಭೆ ಎಣಿಸಿದ ಮತಗಳು: ಕೆನ್ಯಾದ ಮೇರು ಕೌಂಟಿಯ ಒಂದು ಅಧ್ಯಯನ

(ಗ್ರಾಮ ಪಂಚಾಯಿತಿ ಚುನಾಯಿತ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಗಳಲ್ಲಿ ಒಂದು ಪ್ರಶ್ನೆ ಆಗಿಂದಾಗ್ಗೆ ಏಳುತ್ತದೆ. ಅಧ್ಯಕ್ಷರನ್ನು ಸದಸ್ಯರು ತಮ್ಮೊಳಗಿನಿಂದ ಆರಿಸುವ ಬದಲು ಮತದಾರರೇ ನೇರವಾಗಿ ಆರಿಸಿದರೆ, ಸದಸ್ಯರನ್ನು ಒಲಿಸಿಕೊಳ್ಳುವುದು, ಚುನಾವಣೆಯ ಮುನ್ನಾದಿನಗಳಲ್ಲಿ ಪ್ರವಾಸಕ್ಕೆ ಕರೆದೊಯ್ಯುವುದು, ಅವಧಿಯ ನಡುವೆ ಅವಿಶ್ವಾಸ ತರುವುದು ಇವೆಲ್ಲವೂ ತಪ್ಪುತ್ತವಲ್ಲವೇ ಎಂಬುದೇ ಆ ಪ್ರಶ್ನೆ. ಇದಕ್ಕೆ ಊಹೆಯಿಂದ ಉತ್ತರಿಸುವುದಕ್ಕಿಂತ, ಅಂತಹ ಪದ್ಧತಿ ಜಾರಿಯಲ್ಲಿರುವ ಒಂದು ನಾಡಿನ ಅನುಭವವನ್ನು ಪರಿಶೀಲಿಸುವುದು ಲೇಸು. ಪೂರ್ವ ಆಫ್ರಿಕಾದ ಕೆನ್ಯಾ ದೇಶದಲ್ಲಿ ಜಿಲ್ಲೆಯ ಮಟ್ಟದ ಸರ್ಕಾರದ ಮುಖ್ಯಸ್ಥರನ್ನು 2013ರಿಂದ ಜನರೇ ನೇರವಾಗಿ ಆರಿಸುತ್ತಿದ್ದಾರೆ. ಅಲ್ಲಿನ ಮೇರು ಎಂಬ ಕೌಂಟಿಯಲ್ಲಿ ಹೀಗೆ ಆರಿಸಿ ಬಂದ ಮುಖ್ಯಸ್ಥರೊಬ್ಬರನ್ನು ಎರಡು ವರ್ಷಗಳೊಳಗೆ ಮೂರು ಬಾರಿ ಪದಚ್ಯುತಗೊಳಿಸಲು ಸದಸ್ಯರು ಮತ ಚಲಾಯಿಸಿದರು. ಈ ಪ್ರಸಂಗವು ನಮ್ಮ ಸದಸ್ಯರ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದಾಗಿದೆ.

ಕೌಂಟಿ ಸರ್ಕಾರ ಹುಟ್ಟಿದ ಬಗೆ

ಕೆನ್ಯಾದಲ್ಲಿ ಬಹುಕಾಲ ಆಡಳಿತವೆಲ್ಲವೂ ರಾಜಧಾನಿ ನೈರೋಬಿಯಲ್ಲಿ ಕೇಂದ್ರೀಕೃತವಾಗಿತ್ತು. ದೇಶವು ಎಂಟು ಪ್ರಾಂತ್ಯಗಳಾಗಿ ವಿಂಗಡಣೆಗೊಂಡಿದ್ದು, ಪ್ರಾಂತ್ಯದ ಆಯುಕ್ತರನ್ನು ರಾಷ್ಟ್ರಾಧ್ಯಕ್ಷರು ನೇಮಿಸುತ್ತಿದ್ದರು. ಯಾರ ಕೈಗೆ ರಾಷ್ಟ್ರಾಧ್ಯಕ್ಷ ಪದವಿ ಬರುವುದೋ ಅವರ ಸೀಮೆಗೆ ರಸ್ತೆ, ಆಸ್ಪತ್ರೆಗಳು ಬರುವುವು, ಉಳಿದವರು ಕಾಯಬೇಕು ಎಂಬ ಭಾವನೆ ಜನರಲ್ಲಿ ಬೇರೂರಿತ್ತು. 2007ರ ಡಿಸೆಂಬರ್ ಚುನಾವಣೆಯ ಫಲಿತಾಂಶದ ವಿವಾದವು ಹಿಂಸಾಚಾರಕ್ಕೆ ತಿರುಗಿ ಸಾವಿರಕ್ಕೂ ಹೆಚ್ಚು ಜನ ಮಡಿದರು, ಲಕ್ಷಾಂತರ ಜನ ಮನೆಮಠ ತೊರೆದರು. ಅಧಿಕಾರ ಒಂದೇ ಕಡೆ ಸಂಗ್ರಹವಾಗಿರುವುದೇ ಈ ಅನಾಹುತದ ಮೂಲಗಳಲ್ಲಿ ಒಂದೆಂದು ಮನಗಂಡು ಹೊಸ ಸಂವಿಧಾನವನ್ನು ರಚಿಸಲಾಯಿತು. ಜನಮತಗಣನೆಯಲ್ಲಿ ಅಂಗೀಕೃತವಾದ ಆ ಸಂವಿಧಾನವು 27ನೇ ಆಗಸ್ಟ್ 2010ರಂದು ಜಾರಿಗೆ ಬಂದಿತು.

ಅದರಂತೆ ದೇಶದಲ್ಲಿ 47 ಕೌಂಟಿಗಳು ರಚನೆಯಾದವು. ಕೌಂಟಿ ಎಂದರೆ ಗಾತ್ರದಲ್ಲಿ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಮೇರು ಕೌಂಟಿಯ ಜನಸಂಖ್ಯೆಯು 2019ರ ಜನಗಣತಿಯಂತೆ ಸುಮಾರು 15 ಲಕ್ಷ 45 ಸಾವಿರ. ಕೃಷಿ, ಆರೋಗ್ಯ ಸೇವೆ, ಕೌಂಟಿ ರಸ್ತೆಗಳು, ಕುಡಿಯುವ ನೀರು ಮತ್ತು ನೈರ್ಮಲ್ಯ, ಶಾಲಾಪೂರ್ವ ಶಿಕ್ಷಣ, ಮಾರುಕಟ್ಟೆಗಳು ಕೌಂಟಿಯ ಹೊಣೆ. ರಾಷ್ಟ್ರಮಟ್ಟದಲ್ಲಿ ಸಂಗ್ರಹವಾಗುವ ರಾಜಸ್ವದಲ್ಲಿ ಶೇ. 15ಕ್ಕೆ ಕಡಿಮೆಯಿಲ್ಲದಷ್ಟು ಪಾಲನ್ನು ಕೌಂಟಿಗಳಿಗೆ ನೀಡಲೇಬೇಕೆಂದು ಸಂವಿಧಾನವೇ ವಿಧಿಸಿದೆ. ಅನುದಾನವು ಯಾರ ಕೃಪೆಯನ್ನೂ ಅವಲಂಬಿಸದಂತೆ ಮಾಡಿದ ಈ ಏರ್ಪಾಡು ಇಡೀ ವ್ಯವಸ್ಥೆಯ ಬೆನ್ನೆಲುಬು ಎನ್ನಬಹುದು.

ಕರ್ನಾಟಕದ ಹಿರಿಯ ಸದಸ್ಯರಿಗೆ ಇದು ತೀರ ಅಪರಿಚಿತವೆನಿಸದು. 1983ರ ಅಧಿನಿಯಮದ ಅನ್ವಯ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದಾಗ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವನ್ನು ನೀಡಲಾಗಿತ್ತು. ವ್ಯತ್ಯಾಸವಿಷ್ಟೇ: ನಮ್ಮ ಅಧ್ಯಕ್ಷರು ಸದಸ್ಯರಿಂದ ಆಯ್ಕೆಯಾದವರು. ಕೆನ್ಯಾದ ಕೌಂಟಿಯ ಮುಖ್ಯಸ್ಥರು ಮತದಾರರಿಂದ ಆಯ್ಕೆಯಾಗುವವರು.

ಆಯ್ಕೆಯ ವಿಧಾನ

ಕೌಂಟಿಯ ಮುಖ್ಯಸ್ಥರಿಗೆ ಅಲ್ಲಿ ಗವರ್ನರ್ ಎಂದು ಹೆಸರು. ನಮ್ಮ ರಾಜ್ಯಪಾಲರನ್ನು ಇಂಗ್ಲಿಷಿನಲ್ಲಿ ಇದೇ ಹೆಸರಿನಿಂದ ಕರೆಯುವುದರಿಂದ ಗೊಂದಲಕ್ಕೆ ಎಡೆಯಿದೆ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಐದು ವರ್ಷಗಳಿಗೊಮ್ಮೆ ಆಗಸ್ಟ್ ತಿಂಗಳ ಎರಡನೆಯ ಮಂಗಳವಾರ ನಡೆಯುವ ಮಹಾಚುನಾವಣೆಯಲ್ಲಿ ಪ್ರತಿಯೊಬ್ಬ ಮತದಾರನೂ ಆರು ಮತಪತ್ರಗಳನ್ನು ಪಡೆಯುತ್ತಾನೆ. ರಾಷ್ಟ್ರಾಧ್ಯಕ್ಷ, ಗವರ್ನರ್, ಸೆನೆಟ್ ಸದಸ್ಯ, ಸಂಸತ್ ಸದಸ್ಯ, ಕೌಂಟಿಯ ಮಹಿಳಾ ಪ್ರತಿನಿಧಿ ಹಾಗೂ ವಾರ್ಡಿನಿಂದ ಕೌಂಟಿ ಸಭೆಗೆ ಸದಸ್ಯ, ಹೀಗೆ ಆರು ಸ್ಥಾನಗಳಿಗೆ ಆರು ಬಣ್ಣದ ಮತಪತ್ರಗಳು. ಗವರ್ನರ್ ಸ್ಥಾನದ್ದು ನೀಲಿ ಬಣ್ಣದ್ದು.

ಅಭ್ಯರ್ಥಿಗೆ ವಿಶ್ವವಿದ್ಯಾನಿಲಯದ ಪದವಿ ಇರಬೇಕು. ಅವರು ತಮ್ಮೊಡನೆ ಉಪ ಗವರ್ನರ್ ಆಗತಕ್ಕವರ ಹೆಸರನ್ನೂ ಸೂಚಿಸಬೇಕು. ಉಪ ಗವರ್ನರ್ ಸ್ಥಾನಕ್ಕೆ ಪ್ರತ್ಯೇಕ ಚುನಾವಣೆ ಇಲ್ಲ. ಉಳಿದ ಅಭ್ಯರ್ಥಿಗಳಿಗಿಂತ ಹೆಚ್ಚು ಮತ ಪಡೆದವರು ಗೆದ್ದಂತೆ, ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮವಿಲ್ಲ. ಒಬ್ಬರು ಎರಡು ಅವಧಿಗಿಂತ ಹೆಚ್ಚು ಕಾಲ ಈ ಹುದ್ದೆಯಲ್ಲಿರುವಂತಿಲ್ಲ. ಫಲಿತಾಂಶದ ಬಗ್ಗೆ ತಕರಾರಿದ್ದರೆ 28 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ನ್ಯಾಯಾಲಯವು ಆರು ತಿಂಗಳೊಳಗೆ ಅದನ್ನು ತೀರ್ಮಾನಿಸಬೇಕು. ಈ ಆರು ತಿಂಗಳ ಗಡುವು ನಮ್ಮ ಚುನಾವಣಾ ತಕರಾರುಗಳಲ್ಲಿ ಅಲೆದಾಡಿದವರಿಗೆ ಅಸೂಯೆ ಹುಟ್ಟಿಸುವಂತಹುದು.

ಮೀಸಲಾತಿಯ ವಿಷಯದಲ್ಲಿ ಮಾತ್ರ ಕೆನ್ಯಾ ನಮಗಿಂತ ಹಿಂದಿದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷ ಸ್ಥಾನಗಳಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿಗೆ ಮೀಸಲು. ಕೆನ್ಯಾದಲ್ಲಿ ಗವರ್ನರ್ ಹುದ್ದೆಗೆ ಮೀಸಲಾತಿಯೇ ಇಲ್ಲ. 2013ರಲ್ಲಿ 47 ಕೌಂಟಿಗಳ ಪೈಕಿ ಒಂದರಲ್ಲಿಯೂ ಮಹಿಳೆ ಗೆಲ್ಲಲಿಲ್ಲ. 2017ರಲ್ಲಿ ಮೂವರು, 2022ರಲ್ಲಿ ಏಳು ಮಂದಿ ಗೆದ್ದರು. ಆ ಏಳು ಮಂದಿಯಲ್ಲಿ ಒಬ್ಬರು ಮೇರು ಕೌಂಟಿಯ ಕವೀರಾ ಮ್ವಾಂಗಾಜಾ.

ಮೇರು ಕೌಂಟಿಯ 2022ರ ಚುನಾವಣೆ

ಕೆನ್ಯಾ ಪರ್ವತದ ತಪ್ಪಲಲ್ಲಿ ಚಹಾ, ಕಾಫಿ ಬೆಳೆಯುವ ಸೀಮೆ ಮೇರು. 9ನೇ ಆಗಸ್ಟ್ 2022ರ ಚುನಾವಣೆಯಲ್ಲಿ ಅಲ್ಲಿ ಮೂವರ ನಡುವೆ ಮುಖ್ಯ ಸ್ಪರ್ಧೆಯಿತ್ತು. ಅಧಿಕಾರದಲ್ಲಿದ್ದ ಗವರ್ನರ್ ಕಿರಾಯ್ತು ಮುರುಂಗಿ ಹಿಂದೆ ಕೇಂದ್ರದಲ್ಲಿ ಸಚಿವರಾಗಿದ್ದವರು. ಮಿತಿಕಾ ಲಿಂಟುರಿ ಅಂದಿನ ಸೆನೆಟ್ ಸದಸ್ಯರು. ಅದೇ ಚುನಾವಣೆಯಲ್ಲಿ ರಾಷ್ಟ್ರಾಧ್ಯಕ್ಷ ಪದವಿ ಗೆದ್ದ ಪಕ್ಷದ ಅಭ್ಯರ್ಥಿ. ಕವೀರಾ ಮ್ವಾಂಗಾಜಾ ಕೌಂಟಿಯ ಮಹಿಳಾ ಪ್ರತಿನಿಧಿಯಾಗಿದ್ದವರು, ಪಕ್ಷೇತರರಾಗಿ ನಿಂತರು. ಮ್ವಾಂಗಾಜಾ ಅವರಿಗೆ ಸುಮಾರು 2 ಲಕ್ಷ 9 ಸಾವಿರ, ಲಿಂಟುರಿ ಅವರಿಗೆ ಸುಮಾರು 1 ಲಕ್ಷ 84 ಸಾವಿರ, ಮುರುಂಗಿ ಅವರಿಗೆ ಸುಮಾರು 1 ಲಕ್ಷ 11 ಸಾವಿರ ಮತಗಳು ಬಂದವು.

ಈ ಅಂಕಿಗಳನ್ನು ಸದಸ್ಯರು ಎರಡು ಬಗೆಯಲ್ಲಿ ಓದಬೇಕು. ಮೊದಲನೆಯದಾಗಿ, ಎರಡು ಬಲಿಷ್ಠ ಪಕ್ಷಗಳ ನಾಯಕರನ್ನು ಪಕ್ಷವೇ ಇಲ್ಲದ ಮಹಿಳೆಯೊಬ್ಬರು ಸೋಲಿಸಿದರು. ನೇರ ಚುನಾವಣೆ ಇಲ್ಲದೆ ಇದು ಆಗುವಂತಿರಲಿಲ್ಲ. ಎರಡನೆಯದಾಗಿ, ಸೋತ ಇಬ್ಬರ ಮತಗಳನ್ನು ಕೂಡಿಸಿದರೆ ಗೆದ್ದವರ ಮತಕ್ಕಿಂತ ಹೆಚ್ಚು. ಆ ಮತಗಳ ಪ್ರತಿನಿಧಿಗಳು ಎಲ್ಲಿಗೂ ಹೋಗಿರಲಿಲ್ಲ, ಕೌಂಟಿ ಸಭೆಯಲ್ಲಿಯೇ ಕುಳಿತಿದ್ದರು. ಅಂದು 45 ವಾರ್ಡುಗಳಿಂದ ಆರಿಸಿ ಬಂದವರು, ನಾಮನಿರ್ದೇಶಿತರು ಸೇರಿ ಸಭೆಯ ಬಲ 69. ಪಕ್ಷೇತರ ಗವರ್ನರ್‌ಗೆ ಆ ಸಭೆಯಲ್ಲಿ ತಮ್ಮದೆನ್ನುವ ಪಕ್ಷವಿರಲಿಲ್ಲ.

ಜನಾದೇಶ ಒಂದು, ಸಭೆಯ ಒಪ್ಪಿಗೆ ಇನ್ನೊಂದು. ಗವರ್ನರ್ ತಮ್ಮ ಕಾರ್ಯಕಾರಿ ಸಮಿತಿಗೆ ಸೂಚಿಸುವ ಹೆಸರುಗಳಿಗೆ ಸಭೆ ಒಪ್ಪಬೇಕು, ಆಯವ್ಯಯಕ್ಕೆ ಸಭೆ ಒಪ್ಪಬೇಕು. ಇತ್ತ ಸಭೆಯ ಸದಸ್ಯರು ಕಾರ್ಯಾಂಗದ ಕೆಲಸದಲ್ಲಿ ನೇರವಾಗಿಯಾಗಲೀ ಪರೋಕ್ಷವಾಗಿಯಾಗಲೀ ತೊಡಗುವಂತಿಲ್ಲವೆಂದು 2012ರ ಕೌಂಟಿ ಸರ್ಕಾರಗಳ ಅಧಿನಿಯಮ ನಿರ್ಬಂಧಿಸಿದೆ. ವಾರ್ಡಿನ ಜನ ಚರಂಡಿಗೂ ಬೀದಿದೀಪಕ್ಕೂ ಸದಸ್ಯನ ಮನೆ ಬಾಗಿಲು ತಟ್ಟುತ್ತಾರೆ. ಕೆಲಸ ಮಾಡಿಸುವ ಅಧಿಕಾರವೆಲ್ಲ ಗವರ್ನರ್ ಕಡೆ ಇರುತ್ತದೆ. ಆದುದರಿಂದಲೇ ವಾರ್ಡಿಗೆ ಪ್ರತ್ಯೇಕ ಅಭಿವೃದ್ಧಿ ನಿಧಿ ಬೇಕೆಂಬ ಬೇಡಿಕೆ ಕೆನ್ಯಾದ ಬಹುತೇಕ ಕೌಂಟಿಗಳಲ್ಲಿ ಗವರ್ನರ್ ಮತ್ತು ಸದಸ್ಯರ ನಡುವಿನ ಜಗಳದ ಮೂಲವಾಗಿದೆ. ಕ್ರಿಯಾಯೋಜನೆಯಲ್ಲಿ ತಮ್ಮ ವಾರ್ಡಿನ ಕಾಮಗಾರಿ ಬಿಟ್ಟುಹೋಗಿದೆ ಎಂದು ಸಾಮಾನ್ಯ ಸಭೆಯಲ್ಲಿ ವಾದಿಸಿದ ಯಾವ ಸದಸ್ಯರಿಗೂ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಮೂರು ಬಾರಿ ಪದಚ್ಯುತಿಯ ಮತ

ಗವರ್ನರನ್ನು ತೆಗೆಯಲು ಕೆನ್ಯಾದಲ್ಲಿ ‘ವಿಶ್ವಾಸವಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಸಂವಿಧಾನ ಅಥವಾ ಕಾನೂನಿನ ಘೋರ ಉಲ್ಲಂಘನೆ, ಅಪರಾಧ ಎಸಗಿರುವುದು, ಅಧಿಕಾರ ದುರುಪಯೋಗ ಅಥವಾ ಘೋರ ದುರ್ನಡತೆ, ದೈಹಿಕ ಅಥವಾ ಮಾನಸಿಕ ಅಸಾಮರ್ಥ್ಯ ಇವುಗಳಲ್ಲಿ ಒಂದಾದರೂ ಕಾರಣವಿರಬೇಕು. ಒಟ್ಟು ಸದಸ್ಯರಲ್ಲಿ ಮೂರನೇ ಒಂದರಷ್ಟು ಮಂದಿಯ ಬೆಂಬಲದಿಂದ ಸೂಚನೆ ಮಂಡನೆಯಾಗಬೇಕು, ಮೂರನೇ ಎರಡರಷ್ಟು ಮಂದಿ ಅದಕ್ಕೆ ಮತ ನೀಡಬೇಕು. ಇಷ್ಟಾದರೂ ಗವರ್ನರ್ ಹುದ್ದೆ ತೆರವಾಗುವುದಿಲ್ಲ. ಕೌಂಟಿ ಸಭೆ ಮಾಡಿದ್ದು ಆಪಾದನೆ ಮಾತ್ರ. ವಿಚಾರಣೆ ನಡೆಯುವುದು ನೈರೋಬಿಯ ಸೆನೆಟ್‌ನಲ್ಲಿ. ಸೆನೆಟ್ ತಾನೇ ವಿಚಾರಿಸಬಹುದು ಅಥವಾ 11 ಸದಸ್ಯರ ವಿಶೇಷ ಸಮಿತಿಗೆ ಒಪ್ಪಿಸಬಹುದು. ಸಾಕ್ಷಿಗಳು, ದಾಖಲೆಗಳು, ಎರಡೂ ಕಡೆಯ ವಕೀಲರ ಪಾಟೀಸವಾಲು ಎಲ್ಲವೂ ಇರುತ್ತವೆ. ಕೊನೆಗೆ ಕೌಂಟಿಗೆ ಒಂದರಂತೆ 47 ಮತಗಳಿದ್ದು, ಒಂದು ಆರೋಪಕ್ಕಾದರೂ 24 ಮತಗಳು ಬಿದ್ದರೆ ಮಾತ್ರ ಗವರ್ನರ್ ಪದಚ್ಯುತರಾಗುವರು. ಆರೋಪ ಬಿದ್ದುಹೋದರೆ ಅದೇ ಆರೋಪವನ್ನು ಮೂರು ತಿಂಗಳು ಮತ್ತೆ ತರುವಂತಿಲ್ಲ.

ಮೇರು ಸಭೆಯ 69 ಸದಸ್ಯರಲ್ಲಿ ಮೂರನೇ ಎರಡು ಎಂದರೆ 46. ಚುನಾವಣೆಯಾಗಿ ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, 2022ರ ಡಿಸೆಂಬರಿನಲ್ಲಿ, 67 ಸದಸ್ಯರು ಪದಚ್ಯುತಿಗೆ ಮತ ನೀಡಿದರು. ಸೆನೆಟ್‌ನ ವಿಶೇಷ ಸಮಿತಿಯು ಆರೋಪಗಳು ರುಜುವಾತಾಗಿಲ್ಲವೆಂದು ವರದಿ ನೀಡಿದ್ದರಿಂದ ಗವರ್ನರ್ ಉಳಿದರು. 2023ರ ಅಕ್ಟೋಬರಿನಲ್ಲಿ ಎರಡನೆಯ ಸಲ 59 ಮತಗಳು ಬಿದ್ದವು; ನವೆಂಬರಿನಲ್ಲಿ ಸೆನೆಟ್ ಆರೋಪಗಳೆಲ್ಲವನ್ನೂ ತಳ್ಳಿಹಾಕಿತು. 2024ರ ಆಗಸ್ಟಿನಲ್ಲಿ ಮೂರನೆಯ ಸಲ 49 ಮತಗಳು ಬಿದ್ದವು. ಅಗತ್ಯಕ್ಕಿಂತ ಮೂರೇ ಹೆಚ್ಚು. ಈ ಬಾರಿ ಸೆನೆಟ್‌ನಲ್ಲಿ 26 ಮಂದಿ ಆರೋಪವನ್ನು ಎತ್ತಿಹಿಡಿದರು. ಉಚ್ಚ ನ್ಯಾಯಾಲಯದ ತಡೆಯಾಜ್ಞೆಯಿಂದ ಅವರು ಇನ್ನೂ ಕೆಲವು ತಿಂಗಳು ಹುದ್ದೆಯಲ್ಲಿದ್ದರು. 2025ರ ಮಾರ್ಚಿನಲ್ಲಿ ಅದೇ ನ್ಯಾಯಾಲಯವು ಪದಚ್ಯುತಿಯನ್ನು ಎತ್ತಿಹಿಡಿದ ಮೇಲೆ ಉಪ ಗವರ್ನರ್ ಐಸಾಕ್ ಮುಟುಮಾ ಅಧಿಕಾರ ವಹಿಸಿಕೊಂಡರು.

67, 59, 49. ಈ ಮೂರು ಸಂಖ್ಯೆಗಳ ಮೇಲೆ ಸದಸ್ಯರು ಸ್ವಲ್ಪ ಹೊತ್ತು ನಿಲ್ಲಬೇಕು. ಸಭೆಯು ಹೆಚ್ಚುಕಡಿಮೆ ಒಮ್ಮತದಿಂದಿದ್ದಾಗ ಗವರ್ನರ್ ಉಳಿದರು. ಸಭೆಯೇ ಒಡೆದು ಅಂಚಿನ ಬಹುಮತ ಉಳಿದಿದ್ದಾಗ ಹುದ್ದೆ ಕಳೆದುಕೊಂಡರು. ನಡುವಿನ ಅವಧಿಯಲ್ಲಿ ರಾಜಕೀಯ ಬಲಾಬಲಗಳೂ ಬದಲಾಗಿದ್ದವು ಎಂಬುದನ್ನು ಮರೆಯಬಾರದು; ಸೆನೆಟ್ ಕೂಡ ರಾಜಕಾರಣಿಗಳ ಸಭೆಯೇ. ಆದರೂ ಒಂದು ಮಾತು ಸ್ಪಷ್ಟ. ಅಲ್ಲಿನ ವ್ಯವಸ್ಥೆಯಲ್ಲಿ ಎಷ್ಟು ಮಂದಿ ವಿರುದ್ಧವಾಗಿದ್ದಾರೆ ಎಂಬುದು ಬಾಗಿಲು ತೆರೆಯುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ತೀರ್ಪಿಗೆ ನೇಮಕಾತಿ ಆದೇಶ, ಪಾವತಿ ವಿವರ, ಸಭಾ ನಡವಳಿ ಮುಂತಾದ ಕಾಗದಗಳು ಬೇಕಾಗುತ್ತವೆ.

ಈ ತತ್ತ್ವ ಮೇರುವಿನದು ಮಾತ್ರವಲ್ಲ. ನೆರೆಯ ಎಂಬು ಕೌಂಟಿಯ ಗವರ್ನರ್ ಮಾರ್ಟಿನ್ ವಾಂಬೋರಾ 2014ರಲ್ಲಿ ದೇಶದಲ್ಲೇ ಮೊದಲು ಪದಚ್ಯುತಿಯ ಮತ ಎದುರಿಸಿದವರು. ಕ್ರೀಡಾಂಗಣದ ದುರಸ್ತಿ ಮತ್ತು ಮುಸುಕಿನ ಜೋಳದ ಬೀಜ ಖರೀದಿಯಲ್ಲಿ ಸಂಗ್ರಹಣಾ ಕಾಯಿದೆ ಉಲ್ಲಂಘನೆಯಾಗಿದೆ ಎಂಬುದು ಆರೋಪ. ಆ ಪ್ರಕರಣದಲ್ಲಿ ನ್ಯಾಯಾಲಯವು ಎರಡು ಅಳತೆಗೋಲುಗಳನ್ನು ಹಾಕಿಕೊಟ್ಟಿತು: ಉಲ್ಲಂಘನೆಯು ಗಂಭೀರವೂ ತೂಕವುಳ್ಳದ್ದೂ ಆಗಿರಬೇಕು, ಹಾಗೂ ಆ ಉಲ್ಲಂಘನೆಗೂ ಗವರ್ನರ್‌ಗೂ ನಡುವೆ ಕೊಂಡಿ ಇರಬೇಕು. ಕಚೇರಿಯಲ್ಲಿ ಟೆಂಡರು ತಪ್ಪಿದೆ ಎಂದು ತೋರಿಸಿದರೆ ಸಾಲದು, ಅದರಲ್ಲಿ ಮುಖ್ಯಸ್ಥರ ಪಾತ್ರವೇನೆಂಬುದನ್ನೂ ತೋರಿಸಬೇಕು. ವಾಂಬೋರಾ ನ್ಯಾಯಾಲಯಗಳ ಮೂಲಕ ಹುದ್ದೆ ಉಳಿಸಿಕೊಂಡರು, 2017ರಲ್ಲಿ ಮತದಾರರು ಅವರನ್ನೇ ಪುನಃ ಆರಿಸಿದರು.

ನಮ್ಮ ಅಧಿನಿಯಮದ ಎರಡು ದಾರಿಗಳು

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಲ್ಲಿ ಈ ಎರಡು ವಿಷಯಗಳನ್ನು ಬೇರೆ ಬೇರೆಯಾಗಿಯೇ ಇರಿಸಲಾಗಿದೆ. ಪ್ರಕರಣ 44ರಂತೆ ಅಧ್ಯಕ್ಷರನ್ನೂ ಉಪಾಧ್ಯಕ್ಷರನ್ನೂ ಸದಸ್ಯರು ತಮ್ಮೊಳಗಿನಿಂದ ಆರಿಸುತ್ತಾರೆ. ಕೊಟ್ಟವರೇ ಹಿಂಪಡೆಯುವ ದಾರಿ ಪ್ರಕರಣ 49ರ ಅವಿಶ್ವಾಸ ನಿರ್ಣಯ. ಅದಕ್ಕೆ ಉಪವಿಭಾಗಾಧಿಕಾರಿಯವರು ಕರೆಯುವ ವಿಶೇಷ ಸಭೆಯಲ್ಲಿ ಒಟ್ಟು ಸದಸ್ಯರ ಮೂರನೇ ಎರಡರಷ್ಟು ಬಹುಮತ ಬೇಕು. 15 ಸದಸ್ಯರ ಪಂಚಾಯಿತಿಯಾದರೆ 10 ಮಂದಿ. ಹಾಜರಿದ್ದವರಲ್ಲಿ ಮೂರನೇ ಎರಡು ಎಂದು ತಪ್ಪಾಗಿ ಲೆಕ್ಕ ಹಾಕಿ ನಂತರ ನಿರಾಶರಾಗುವವರಿದ್ದಾರೆ. ಗೈರುಹಾಜರಾದ ಸದಸ್ಯರೂ ಆ 15ರಲ್ಲಿ ಸೇರಿದ್ದಾರೆ. ಸೂಚನೆ ನೀಡುವ ಕ್ರಮ ಹಾಗೂ ಕಾಲಾವಧಿಯ ನಿರ್ಬಂಧಗಳು ಕಾಲಕಾಲಕ್ಕೆ ತಿದ್ದುಪಡಿಯಾಗಿರುವುದರಿಂದ ಪ್ರಕರಣವನ್ನು ಇತ್ತೀಚಿನ ತಿದ್ದುಪಡಿಗಳೊಂದಿಗೆ ಓದುವುದು ಅವಶ್ಯ. ಇನ್ನೊಂದು ದಾರಿ ಪ್ರಕರಣ 48ರದ್ದು. ಕರ್ತವ್ಯದಲ್ಲಿ ನಿರಂತರ ಉದಾಸೀನತೆ ಅಥವಾ ದುರ್ನಡತೆಗಾಗಿ, ತಮ್ಮ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಿದ ಮೇಲೆ, ಸರ್ಕಾರವು ಅಧ್ಯಕ್ಷರನ್ನು ತೆಗೆದುಹಾಕಬಹುದು.

ಕೆನ್ಯಾದಲ್ಲಿರುವುದು ಈ ಎರಡನೆಯ ಬಗೆಯ ದಾರಿ ಮಾತ್ರ. ಜನ ಕೊಟ್ಟದ್ದನ್ನು ಸಭೆಯು ಎಣಿಕೆಯ ಬಲದಿಂದ ಕಸಿಯುವಂತಿಲ್ಲ ಎಂಬುದು ಅದರ ಹಿಂದಿನ ತರ್ಕ. ತರ್ಕವೇನೋ ಸರಿ. ಆದರೆ ಸಭೆಗೂ ಮುಖ್ಯಸ್ಥರಿಗೂ ಹೊಂದಾಣಿಕೆ ಮುರಿದುಬಿದ್ದಾಗ ಅದನ್ನು ಸರಳವಾಗಿ ಹೇಳುವ ಮಾರ್ಗವೇ ಇಲ್ಲವಾಗಿ, ಪ್ರತಿ ಮನಸ್ತಾಪವೂ ಅಪರಾಧದ ಆರೋಪದ ವೇಷ ಹಾಕಿಕೊಂಡು ಬರಬೇಕಾಗುತ್ತದೆ. ಮೇರುವಿನಲ್ಲಿ ಅವಧಿಯ ಮೊದಲ ಎರಡು ವರ್ಷಗಳು ಬಹುಮಟ್ಟಿಗೆ ಹೀಗೆಯೇ ಆಪಾದನೆ, ಪ್ರತಿವಾದಗಳಲ್ಲಿ ಕಳೆದವು. ನಮ್ಮಲ್ಲಿ ತದ್ವಿರುದ್ಧವಾದ ತೊಂದರೆಯಿದೆ. ಅವಿಶ್ವಾಸದ ದಾರಿ ಸುಲಭವೆಂದು, ನಿಜವಾಗಿ ದುರ್ನಡತೆಯ ದೂರು ಇರುವಾಗಲೂ ಸದಸ್ಯರು ದಾಖಲೆ ಕೂಡಿಸುವ ಗೋಜಿಗೆ ಹೋಗುವುದಿಲ್ಲ. ಅಧ್ಯಕ್ಷರು ಬದಲಾಗುತ್ತಾರೆ, ತಪ್ಪು ಬಿಲ್ಲು ಹಾಗೆಯೇ ಕಡತದಲ್ಲಿ ಉಳಿಯುತ್ತದೆ.

ಇನ್ನೊಂದು ಹೋಲಿಕೆಯನ್ನೂ ಗಮನಿಸಬಹುದು. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತವಾದುದು. ಸಭೆಯಲ್ಲಿ ವಿಪ್ ನೀಡುವ ಪಕ್ಷವಿಲ್ಲ. ಹೀಗಾಗಿ ನಮ್ಮ ಪ್ರತಿಯೊಬ್ಬ ಅಧ್ಯಕ್ಷರೂ ಕಾನೂನಿನ ಕಣ್ಣಿನಲ್ಲಿ ಮೇರುವಿನ ಪಕ್ಷೇತರ ಗವರ್ನರ್ ಇದ್ದಂತೆಯೇ. ಆರಿಸಿದ ದಿನದ ಬೆಂಬಲ ಮುಂದಿನ ಆಯವ್ಯಯ ಸಭೆಯವರೆಗೆ ತಾನಾಗಿ ಬರುವುದಿಲ್ಲ. ಪ್ರತಿ ಠರಾವಿಗೂ ಅದನ್ನು ಹೊಸದಾಗಿ ಗಳಿಸಿಕೊಳ್ಳಬೇಕು.

ಉಪ ಸ್ಥಾನದ ಮಹತ್ವ

ಉಪಾಧ್ಯಕ್ಷ ಸ್ಥಾನವು ಅಲಂಕಾರಕ್ಕೆ ಇರುವುದೆಂಬ ಭಾವನೆ ಇಲ್ಲಿಯಂತೆ ಅಲ್ಲಿಯೂ ಇತ್ತು. ನೈರೋಬಿ ಕೌಂಟಿಯ ಉಪ ಗವರ್ನರ್ 2018ರ ಜನವರಿಯಲ್ಲಿ ರಾಜೀನಾಮೆ ನೀಡಿದರು. ಆ ಸ್ಥಾನ ಹೆಚ್ಚುಕಡಿಮೆ ಮೂರು ವರ್ಷ ಖಾಲಿ ಉಳಿಯಿತು. 2020ರ ಡಿಸೆಂಬರಿನಲ್ಲಿ ಗವರ್ನರ್ ಮೈಕ್ ಸೊಂಕೊ ಅವರನ್ನು ಸೆನೆಟ್ ಪದಚ್ಯುತಗೊಳಿಸಿದಾಗ ಅಧಿಕಾರ ವಹಿಸಿಕೊಳ್ಳಲು ಯಾರೂ ಇರಲಿಲ್ಲ. ಕೌಂಟಿ ಸಭೆಯ ಸಭಾಪತಿ ಹಂಗಾಮಿಯಾಗಿ ಕೂರಬೇಕಾಯಿತು. ಗೊತ್ತುಮಾಡಿದ್ದ ಉಪಚುನಾವಣೆಗೆ ನ್ಯಾಯಾಲಯದ ತಡೆ ಬಂದಿತು. ಈ ನಡುವೆ ಆನ್ ಕನಾನು ಅವರನ್ನು ಸಭೆಯು ಉಪ ಗವರ್ನರ್ ಆಗಿ ಒಪ್ಪಿತು. ಅವರು ಪೂರ್ಣ ಪ್ರಮಾಣದ ಗವರ್ನರ್ ಆಗಿ ಪ್ರಮಾಣ ವಚನ ಸ್ವೀಕರಿಸಿದ್ದು 2021ರ ನವೆಂಬರಿನಲ್ಲಿ. ರಾಜಧಾನಿಯ ಕೌಂಟಿಯೇ ಹೀಗೆ ಹನ್ನೊಂದು ತಿಂಗಳು ಪೂರ್ಣಾವಧಿ ಮುಖ್ಯಸ್ಥರಿಲ್ಲದೆ ನಡೆಯಿತು. ಕೆನ್ಯಾದಲ್ಲಿ ಉಪ ಗವರ್ನರ್ ಉಳಿದ ಅವಧಿಗೆ ಪೂರ್ತಿಯಾಗಿ ಉತ್ತರಾಧಿಕಾರಿ. ನಮ್ಮಲ್ಲಿ ಹೊಸ ಅಧ್ಯಕ್ಷರ ಆಯ್ಕೆಯಾಗುವವರೆಗೆ ಉಪಾಧ್ಯಕ್ಷರು ಕಾರ್ಯ ನಿರ್ವಹಿಸುತ್ತಾರೆ. ತೆರವಾದ ಉಪಾಧ್ಯಕ್ಷ ಸ್ಥಾನದ ಆಯ್ಕೆಯನ್ನು ಮುಂದೂಡುತ್ತಾ ಹೋಗುವ ಪಂಚಾಯಿತಿಗಳು ನೈರೋಬಿಯ ಈ ಪ್ರಸಂಗವನ್ನು ಓದಿಕೊಳ್ಳುವುದು ಒಳಿತು.

ಸದಸ್ಯರ ಚರ್ಚೆಗೆ

ಮೇರುವಿನ ಮೊದಲ ಪ್ರಯತ್ನದಲ್ಲಿ 67 ಸದಸ್ಯರು ಒಂದಾಗಿದ್ದರೂ ಆರೋಪ ರುಜುವಾತಾಗಲಿಲ್ಲ. ಅಂತಹ ಸಂದರ್ಭದಲ್ಲಿ ಪ್ರಕರಣ 49ರ ಅಡಿಯಲ್ಲಿ ಫಲಿತಾಂಶ ಏನಾಗುತ್ತಿತ್ತು, ಪ್ರಕರಣ 48ರ ಅಡಿಯಲ್ಲಿ ಏನಾಗುತ್ತಿತ್ತು? ತಮ್ಮ ಪಂಚಾಯಿತಿಯ ಒಟ್ಟು ಸದಸ್ಯರ ಸಂಖ್ಯೆಗೆ ಮೂರನೇ ಎರಡು ಎಷ್ಟು? ವಾಂಬೋರಾ ಪ್ರಕರಣದ ಎರಡು ಅಳತೆಗೋಲುಗಳನ್ನು ತೆಗೆದುಕೊಂಡು, ತಮ್ಮಲ್ಲಿ ಕಳೆದ ಸಾಲಿನ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಗೆ ಒಳಗಾದ ಒಂದು ಕಾಮಗಾರಿಯ ಕಡತವನ್ನು ನೋಡಿದರೆ, ಹೊಣೆ ಯಾರದೆಂದು ತೋರಿಸುವ ಕಾಗದಗಳು ಅದರಲ್ಲಿ ಇವೆಯೇ? ಕೊನೆಯ ಪ್ರಶ್ನೆಗೆ ಉತ್ತರ ಹುಡುಕುವಾಗ ನಡವಳಿ ಪುಸ್ತಕ, ಅಳತೆ ಪುಸ್ತಕ ಮತ್ತು ಪಾವತಿ ವೋಚರುಗಳನ್ನು ಮೂರೂ ಒಟ್ಟಿಗೆ ಮುಂದಿಟ್ಟುಕೊಂಡು ಓದತಕ್ಕದ್ದು.